ಗಾಮ ಪೈಲ್ವಾನನ ಇಬ್ಬರು ಜೋಡಿಗಳು

ನಮ್ಮೂರ ಗರಡಿ ಮನೆಯ ಬಾಗಿಲು ಗಿಡ್ಡ. ಎಂಥ ಪೈಲ್ವಾನನಾದರೂ ತಲೆ ಬಗ್ಗಿಸಿಯೇ ಒಳಗೆ ಹೋಗಬೇಕು. ಒಳಗೆ ಕೆಮ್ಮಣ್ಣಿನ ಮಟ್ಟಿ, ಗೋಡೆಗೆ ಒರಗಿಸಿದ ಗದೆಗಳು, ಮೂಲೆಯಲ್ಲಿ ಕಲ್ಲುಗುಂಡು, ಎದುರಿಗೆ ಆಂಜನೇಯನ ಪಟ. ಅದರ ಪಕ್ಕದಲ್ಲೇ ಇನ್ನೊಂದು ಹಳೆಯ ಕಪ್ಪು ಬಿಳುಪು ಪಟ. ಬರಿಮೈ, ಹುರಿ ಮೀಸೆ, ಭುಜದ ಮೇಲೆ ಬೆಳ್ಳಿಯ ಗದೆ. ಚಿಕ್ಕವನಿದ್ದಾಗ ಅದು ನಮ್ಮ ಮನೆತನದ ಯಾರೋ ಹಿರಿಯರದ್ದು ಎಂದೇ ನಂಬಿದ್ದೆ. ಅಷ್ಟು ಸಲಿಗೆಯಿಂದ ತಾತ ಆ ಪಟಕ್ಕೆ ಹೂವು ಮುಡಿಸುತ್ತಿದ್ದರು. ಅದು ಗಾಮನ ಪಟ ಎಂದು ಗೊತ್ತಾದದ್ದು ನಾನು ಹೈಸ್ಕೂಲಿಗೆ ಬಂದ ಮೇಲೆ. ತಾತ ಗಾಮನನ್ನು ಯಾವತ್ತೂ ಬಹುವಚನದಲ್ಲಿ ಕರೆದವರಲ್ಲ. ಹನುಮಂತನನ್ನು ಕರೆದ ಹಾಗೆ, ಏಕವಚನದಲ್ಲೇ. ನಾನೂ ಇಲ್ಲಿ ಅದನ್ನೇ ಪಾಲಿಸುತ್ತೇನೆ.

ಹೋದ ವರ್ಷ ಸಮವಸ್ತ್ರದ ಕೆಲಸವೊಂದಕ್ಕೆ ಅರ್ಜಿ ಹಾಕಿದ್ದೆ. ಓಟದಲ್ಲಿ ಗೆದ್ದೆ, ಉದ್ದ ಜಿಗಿತದಲ್ಲಿ ಗೆದ್ದೆ. ಎತ್ತರ ಅಳೆಯುವ ಕೋಲಿನ ಕೆಳಗೆ ನಿಂತಾಗ ಒಂದು ಸೆಂಟಿಮೀಟರ್ ಕಡಿಮೆ ಬಿತ್ತು. ಅಷ್ಟಕ್ಕೇ ಮುಗಿಯಿತು. ಮನೆಗೆ ಬಂದು ಮುಂದಿನ ಎಂಟು ತಿಂಗಳು ಯಾವ ಅರ್ಜಿಯನ್ನೂ ಹಾಕಲಿಲ್ಲ. ಯಾರಾದರೂ ಕೇಳಿದರೆ ತಯಾರಿ ನಡೀತಿದೆ ಅನ್ನುತ್ತಿದ್ದೆ. ಪುಸ್ತಕ ಮೇಜಿನ ಮೇಲೆ ಇರುತ್ತಿತ್ತು, ನಾನು ಮೊಬೈಲಿನೊಳಗೆ ಇರುತ್ತಿದ್ದೆ. ಪರೀಕ್ಷೆ ಬರೆಯದವನು ಫೇಲಾಗುವುದಿಲ್ಲ, ಅಲ್ಲವೇ? ಆ ಲೆಕ್ಕದಲ್ಲಿ ನಾನು ಎಂಟು ತಿಂಗಳು ಎಲ್ಲಿಯೂ ಸೋಲಲಿಲ್ಲ.

ಆಯುಧಪೂಜೆಗೆ ಮುಂಚೆ ಗರಡಿ ಗುಡಿಸಿ ಬಾ ಎಂದು ಅಮ್ಮ ಕಳಿಸಿದಳು. ತಾತ ಹೋದ ಮೇಲೆ ಆ ಕೆಲಸ ನನ್ನದೇ. ಪಟ ಒರೆಸುತ್ತ ನಿಂತಾಗ, ಈ ಮನುಷ್ಯನ ಬಗ್ಗೆ ತಾತ ಹೇಳಿದ ಕಥೆಗಳಲ್ಲಿ ನಿಜವೆಷ್ಟು, ಉಪ್ಪು ಖಾರ ಎಷ್ಟು ಎಂದು ತಿಳಿಯುವ ಆಸೆಯಾಯಿತು. ಅಲ್ಲಿಂದ ಶುರುವಾದ ಓದು ಇದು.

ಗಾಮನ ಪೂರ್ತಿ ಹೆಸರು ಗುಲಾಮ್ ಮುಹಮ್ಮದ್ ಬಕ್ಷ್ ಬಟ್. 1878ರಲ್ಲಿ ಪಂಜಾಬಿನ ಅಮೃತಸರದ ಕಡೆಯ ಜಬ್ಬೋವಾಲ್‌ನಲ್ಲಿ, ಕಾಶ್ಮೀರಿ ಮೂಲದ ಪೈಲ್ವಾನರ ಮನೆತನದಲ್ಲಿ ಹುಟ್ಟಿದ. ತಂದೆ ಅಜೀಜ್ ಬಕ್ಷ್ ಕೂಡ ಪೈಲ್ವಾನ. ಮಗ ತೀರಾ ಚಿಕ್ಕವನಿರುವಾಗಲೇ ತಂದೆ ತೀರಿಕೊಂಡರು. ಸಾಕಿದ್ದು ಮೊದಲು ತಾಯಿಯ ತಂದೆ, ಅವರ ನಂತರ ಸೋದರಮಾವ ಈದಾ ಪೈಲ್ವಾನ್. ಸಾಮು ಹೇಳಿಕೊಟ್ಟವರೂ ಅವರೇ. ಅಪ್ಪನಿಲ್ಲದ ಹುಡುಗನಿಗೆ ಅಖಾಡವೇ ಆಟದ ಅಂಗಳವಾಯಿತು.

ಹತ್ತು ವರ್ಷದ ಹುಡುಗನಾಗಿದ್ದಾಗ ಜೋಧಪುರದಲ್ಲಿ ಒಂದು ಸ್ಪರ್ಧೆ ನಡೆಯಿತು. ಬಸ್ಕಿ ಹೊಡೆಯುವ ಸ್ಪರ್ಧೆ. ದೇಶದ ಮೂಲೆಮೂಲೆಯಿಂದ ನೂರಾರು ಪೈಲ್ವಾನರು ಬಂದಿದ್ದರು. ಒಬ್ಬೊಬ್ಬರಾಗಿ ಕುಸಿಯುತ್ತ ಹೋದರು. ಕೊನೆಗೆ ಉಳಿದ ಹದಿನೈದು ಜನರಲ್ಲಿ ಈ ಹುಡುಗನೂ ಇದ್ದ. ಅಷ್ಟು ಎಳೆ ವಯಸ್ಸಿನಲ್ಲಿ ಅಲ್ಲಿಯವರೆಗೆ ನಿಂತದ್ದನ್ನು ನೋಡಿ ಜೋಧಪುರದ ಮಹಾರಾಜರು ಅವನನ್ನೇ ವಿಜೇತ ಎಂದು ಸಾರಿದರು. ಆಮೇಲೆ ಹುಡುಗ ವಾರದ ತನಕ ಹಾಸಿಗೆ ಬಿಟ್ಟು ಏಳಲಾಗಲಿಲ್ಲವಂತೆ. ಈ ವಿವರವನ್ನು ತಾತ ನನಗೆ ಹೇಳಿರಲಿಲ್ಲ. ಕಥೆಗಳಲ್ಲಿ ಬಸ್ಕಿ ಇರುತ್ತದೆ, ಮಾರನೆಯ ದಿನದ ಕಾಲುನೋವು ಇರುವುದಿಲ್ಲ.

ಮುಂದೆ ದತಿಯಾ ಸಂಸ್ಥಾನದ ಆಶ್ರಯ ಸಿಕ್ಕಿತು. ಆಗ ಕುಸ್ತಿ ಸಾಕುತ್ತಿದ್ದವರು ರಾಜರು. ಹಾಲು, ತುಪ್ಪ, ಬಾದಾಮಿ, ಮಾಂಸ ಎಲ್ಲ ಅರಮನೆಯ ಖರ್ಚು. ಪೈಲ್ವಾನ ಗೆದ್ದರೆ ಸಂಸ್ಥಾನ ಗೆದ್ದಂತೆ. ನಮ್ಮ ಮೈಸೂರಿನಲ್ಲೂ ಒಡೆಯರ ಕಾಲದಿಂದ ದಸರೆಗೆ ಕುಸ್ತಿ ಇಲ್ಲದೆ ಕಳೆಯಿಲ್ಲ. ಇಂದಿಗೂ ದಸರೆಗೆ ಮುನ್ನ ಜೋಡಿ ಕಟ್ಟುವ ಕಾರ್ಯಕ್ರಮ ನಡೆಯುತ್ತದೆ. ಗರಡಿಯ ಭಾಷೆಯಲ್ಲಿ ಎದುರಾಳಿಗೆ ಜೋಡಿ ಅನ್ನುತ್ತಾರೆ. ವೈರಿ ಅನ್ನುವುದಿಲ್ಲ. ತೂಕ, ವಯಸ್ಸು, ಅನುಭವ ನೋಡಿ, ನಿನಗೆ ಇವನೇ ಸರಿ ಎಂದು ಹಿರಿಯರು ಕೈ ಹಿಡಿಸುತ್ತಾರೆ. ಜೋಡಿ ಸರಿಯಾಗಿ ಸಿಗದಿದ್ದರೆ ಪೈಲ್ವಾನನ ಶಕ್ತಿ ಎಷ್ಟೆಂದು ಅವನಿಗೇ ಗೊತ್ತಾಗುವುದಿಲ್ಲ. ಗಾಮನ ಬದುಕಿನಲ್ಲಿ ಅಂಥ ಜೋಡಿಗಳು ಇಬ್ಬರು. ಒಬ್ಬ ಗುಜ್ರನ್‌ವಾಲಾದ ರಹೀಂ ಬಕ್ಷ್ ಸುಲ್ತಾನಿವಾಲಾ, ಇನ್ನೊಬ್ಬ ಪೋಲೆಂಡಿನ ಸ್ಟಾನಿಸ್ಲಾಸ್ ಜ್ಬಿಸ್ಕೊ.

1895ರಲ್ಲಿ ಹದಿನೇಳರ ಗಾಮ ರಹೀಂ ಬಕ್ಷ್‌ನಿಗೆ ಸವಾಲು ಹಾಕಿದ. ರಹೀಂ ಆಗ ದೇಶದ ದೊಡ್ಡ ಪೈಲ್ವಾನ, ನಡುವಯಸ್ಸಿನ ಪಳಗಿದ ಕೈ, ಎತ್ತರ ಏಳಡಿಯ ಹತ್ತಿರ ಎನ್ನುತ್ತಾರೆ. ಗಾಮ ಐದಡಿ ಏಳು ಅಂಗುಲದ ಆಸುಪಾಸು. ಅಳತೆ ನೋಡಿದರೆ ಯಾವ ಹಿರಿಯರೂ ಕಟ್ಟದ ಜೋಡಿ ಅದು. ನಮ್ಮ ಕಡೆ ಒಬ್ಬ ಚಿತ್ ಆಗುವವರೆಗೂ ನಿಲ್ಲಿಸದ ಕುಸ್ತಿಗೆ ಮಾರ್ಫಿಟ್ ಅನ್ನುತ್ತಾರಲ್ಲ, ಹಾಗೆ ಗಂಟೆಗಟ್ಟಲೆ ಸೆಣಸಿದರು. ಯಾರ ಬೆನ್ನೂ ಮಣ್ಣು ಮುಟ್ಟಲಿಲ್ಲ. ಸಮಬಲ ಎಂದು ಬಿಡಿಸಬೇಕಾಯಿತು.

ಆ ದಿನದಿಂದ ಗಾಮನ ಹೆಸರು ಊರೂರಿಗೆ ಹಬ್ಬಿತು. ಸೋಲದೆ ಉಳಿದದ್ದೇ ಅವನಿಗೆ ಗೆಲುವಿನಷ್ಟಾಯಿತು. ಆದರೆ ಅವನು ಆ ಸಮಬಲವನ್ನು ಬಿರುದಿನ ಹಾಗೆ ಹೊತ್ತು ತಿರುಗಲಿಲ್ಲ. ಮುಂದಿನ ಹದಿನೈದು ವರ್ಷ ಸಂಸ್ಥಾನದಿಂದ ಸಂಸ್ಥಾನಕ್ಕೆ ಹೋಗಿ ಸಿಕ್ಕಸಿಕ್ಕ ಪೈಲ್ವಾನರೊಂದಿಗೆ ಕೈ ಮಿಲಾಯಿಸಿದ. ದಿನಕ್ಕೆ ಸಾವಿರಾರು ದಂಡ, ಬಸ್ಕಿ ಹೊಡೆಯುತ್ತಿದ್ದನೆಂದು ಪ್ರತೀತಿ. 1910ರ ಹೊತ್ತಿಗೆ ದೇಶದಲ್ಲಿ ಅವನೆದುರು ನಿಲ್ಲುವವರು ರಹೀಂ ಬಿಟ್ಟರೆ ಇನ್ನಾರೂ ಉಳಿದಿರಲಿಲ್ಲ.

ಅದೇ ವರ್ಷ ಬಂಗಾಳದ ಶ್ರೀಮಂತರೊಬ್ಬರ ನೆರವಿನಿಂದ ಗಾಮ ಲಂಡನ್ನಿಗೆ ಹೊರಟ. ಜೊತೆಗೆ ತಮ್ಮ ಇಮಾಂ ಬಕ್ಷ್ ಮತ್ತು ಇನ್ನಿಬ್ಬರು ಪೈಲ್ವಾನರು. ಹಡಗು ಇಳಿದು ಹೋದರೆ, ಎತ್ತರ ಸಾಲದು ಎಂಬ ಕಾರಣಕ್ಕೆ ಪಂದ್ಯಾವಳಿಗೆ ಸೇರಿಸಿಕೊಳ್ಳಲಿಲ್ಲವಂತೆ. ಈ ಸಾಲು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಗಾಮನಿಗೂ ನನಗೂ ಹೋಲಿಕೆ ಮಾಡಿಕೊಳ್ಳುವಷ್ಟು ದಡ್ಡ ನಾನಲ್ಲ. ಆದರೂ ಅಳತೆ ಕೋಲಿನ ಕೆಳಗೆ ನಿಂತ ಇನ್ನೊಬ್ಬ ಸಿಕ್ಕನಲ್ಲ ಅನ್ನಿಸಿತು.

ಅವನು ಮನೆಗೆ ಹಡಗು ಹತ್ತಲಿಲ್ಲ. ಯಾವ ತೂಕದವರಾದರೂ ಸರಿ, ಮೂವರನ್ನು ಅರ್ಧ ಗಂಟೆಯೊಳಗೆ ಕೆಡವುತ್ತೇನೆ ಎಂದು ಬಹಿರಂಗ ಸವಾಲು ಹಾಕಿದ. ಜನ ಇದು ಬರೀ ಬಡಾಯಿ ಅಂದುಕೊಂಡರು, ಬಹಳ ದಿನ ಯಾರೂ ಮುಂದೆ ಬರಲಿಲ್ಲ. ಆಮೇಲೆ ಅಮೆರಿಕದ ಫ್ರಾಂಕ್ ಗಾಚ್, ಪೋಲೆಂಡಿನ ಜ್ಬಿಸ್ಕೊ ಇಬ್ಬರ ಹೆಸರನ್ನೂ ಹಿಡಿದು ಕರೆದ. ಇಬ್ಬರೂ ಆ ಕಾಲದ ಹೆಸರಾಂತ ಜಟ್ಟಿಗಳು. ಮೊದಲು ಒಪ್ಪಿಕೊಂಡವನು ಮೂರನೆಯವನು, ಅಮೆರಿಕದ ಬೆಂಜಮಿನ್ ರೋಲರ್. ವೃತ್ತಿಯಲ್ಲಿ ವೈದ್ಯನೂ ಹೌದು. ಗಾಮ ಅವನನ್ನು ಮೊದಲ ಸಲ ಎರಡು ನಿಮಿಷದೊಳಗೆ, ಎರಡನೆಯ ಸಲ ಹತ್ತು ನಿಮಿಷದೊಳಗೆ ಚಿತ್ ಮಾಡಿದ. ತಮ್ಮ ಇಮಾಂ ಸ್ವಿಟ್ಜರ್ಲೆಂಡಿನ ಜಾನ್ ಲೆಮ್‌ನನ್ನು ಕೆಡವಿದ. ಲಂಡನ್ನಿನ ಪತ್ರಿಕೆಗಳು ಆಮೇಲೆ ಈ ಅಣ್ಣತಮ್ಮಂದಿರನ್ನು ಗಂಭೀರವಾಗಿ ನೋಡತೊಡಗಿದವು. ಗಾಮನಿಗೆ ಪಂದ್ಯಾವಳಿಯ ಬಾಗಿಲು ತೆರೆಯಿತು.

1910ರ ಸೆಪ್ಟೆಂಬರ್ 10. ಲಂಡನ್ನಿನ ಶೆಫರ್ಡ್ಸ್ ಬುಷ್ ಕ್ರೀಡಾಂಗಣ. ಜಾನ್ ಬುಲ್ ಬೆಲ್ಟ್ ಮತ್ತು 250 ಪೌಂಡ್ ಬಹುಮಾನದ ಅಂತಿಮ ಪಂದ್ಯ. ಎದುರಿಗೆ ಜ್ಬಿಸ್ಕೊ. ತೂಕದಲ್ಲಿ ಗಾಮನಿಗಿಂತ ಎಷ್ಟೋ ಹೆಚ್ಚು, ಕಂಬದಂಥ ಕುತ್ತಿಗೆ. ಕುಸ್ತಿ ಶುರುವಾದ ಒಂದು ನಿಮಿಷದೊಳಗೆ ಗಾಮ ಅವನನ್ನು ನೆಲಕ್ಕೆ ಒಯ್ದ. ಮುಗಿಯಿತು ಅಂದುಕೊಂಡರು ಜನ. ಮುಗಿಯಲಿಲ್ಲ. ಜ್ಬಿಸ್ಕೊ ಬೋರಲಾಗಿ ಮಲಗಿ ಹಾಸಿಗೆಗೆ ಅಂಟಿಕೊಂಡುಬಿಟ್ಟ.

ಕುಸ್ತಿ ಗೊತ್ತಿಲ್ಲದವರಿಗೆ ಒಂದು ಮಾತು. ಎದುರಾಳಿಯ ಎರಡೂ ಭುಜ ನೆಲಕ್ಕೆ ತಾಗಿಸಿದರೆ ಗೆಲುವು. ಹೊಟ್ಟೆ ಅಡಿಯಾಗಿ ಮಲಗಿದವನ ಭುಜ ನೆಲಕ್ಕೆ ತಾಗಬೇಕಾದರೆ ಅವನನ್ನು ಮಗುಚಬೇಕು. ಅಷ್ಟು ಭಾರದ ಮನುಷ್ಯ ಕೈಕಾಲು ಅಗಲಿಸಿ, ಗೆಲ್ಲುವ ಯೋಚನೆಯನ್ನೇ ಬಿಟ್ಟು ಮಲಗಿದರೆ ಮಗುಚುವುದು ಸುಲಭವಲ್ಲ. ಈಗಿನ ಕುಸ್ತಿಯಲ್ಲಿ ಹೀಗೆ ಸುಮ್ಮನಿದ್ದರೆ ರೆಫರಿ ಎಚ್ಚರಿಸುತ್ತಾರೆ, ಎದುರಾಳಿಗೆ ಅಂಕ ಹೋಗುತ್ತದೆ. ಅಂದು ಅಂಥ ಕಾಟ ಇರಲಿಲ್ಲ. ಗಾಮ ತನಗೆ ಗೊತ್ತಿದ್ದ ಪಟ್ಟುಗಳನ್ನೆಲ್ಲ ಹಾಕಿ ನೋಡಿದ. ಒಂದು ಗಂಟೆ ಕಳೆಯಿತು, ಎರಡು ಗಂಟೆ ಕಳೆಯಿತು. ಎರಡೂವರೆ ಗಂಟೆ ದಾಟಿದ ಮೇಲೆ ಸಮಬಲ ಎಂದು ನಿಲ್ಲಿಸಿದರು. ದುಡ್ಡು ಕೊಟ್ಟು ಬಂದಿದ್ದ ಜನ ಬೇಸತ್ತರು. ಪತ್ರಿಕೆಗಳು ಜ್ಬಿಸ್ಕೊನನ್ನು ಟೀಕಿಸಿದವು.

ಒಂದು ವಾರ ಬಿಟ್ಟು, ಸೆಪ್ಟೆಂಬರ್ 17ಕ್ಕೆ ಮತ್ತೆ ಕುಸ್ತಿ ಎಂದು ಗೊತ್ತಾಯಿತು. ಆ ದಿನ ಗಾಮ ಬಂದು ಕಾದ. ಜ್ಬಿಸ್ಕೊ ಬರಲೇ ಇಲ್ಲ. ಬೆಲ್ಟೂ ಬಹುಮಾನವೂ ಗಾಮನಿಗೆ ಬಂತು. ಬ್ರಿಟಿಷರ ಆಳ್ವಿಕೆಯ ಆ ದಿನಗಳಲ್ಲಿ, ಬ್ರಿಟಿಷರದೇ ರಾಜಧಾನಿಯಿಂದ ಒಬ್ಬ ಹಿಂದೂಸ್ತಾನಿ ವಿಶ್ವ ವಿಜೇತನ ಪಟ್ಟ ಹೊತ್ತು ಬಂದದ್ದು ಇಲ್ಲಿನವರಿಗೆ ಎಷ್ಟು ಹಿಗ್ಗು ತಂದಿರಬೇಕು! ಕನ್ನಡ ನಾಡಿನ ಒಂದು ಮೂಲೆಯ ಗರಡಿಯಲ್ಲಿ ಅವನ ಪಟ ಆಂಜನೇಯನ ಪಕ್ಕ ಬಂದು ನಿಂತದ್ದು ಆ ಹಿಗ್ಗಿನಿಂದಲೇ. ಅವನ ಜಾತಿ ಧರ್ಮ ಯಾವುದೆಂದು ಆ ಮಟ್ಟಿಯಲ್ಲಿ ಉರುಳಿದವರು ಕೇಳಿದ್ದನ್ನು ನಾನು ಕಾಣೆ.

ಆದರೆ ಎದುರಾಳಿ ಬಾರದೆ ಸಿಕ್ಕ ಗೆಲುವು ಪೈಲ್ವಾನನ ಹೊಟ್ಟೆ ತುಂಬಿಸುವುದಿಲ್ಲ. ಊರಿಗೆ ಮರಳಿದ ಗಾಮ ಮೊದಲು ಮಾಡಿದ ದೊಡ್ಡ ಕೆಲಸ ಹಳೆಯ ಬಾಕಿ ತೀರಿಸಿದ್ದು. ಅಲಹಾಬಾದಿನಲ್ಲಿ ರಹೀಂ ಬಕ್ಷ್ ಸುಲ್ತಾನಿವಾಲಾ ಮತ್ತೆ ಎದುರಾದ. ಈಗ ಗಾಮ ಹುಡುಗನಲ್ಲ, ಮೂವತ್ತು ದಾಟಿದವನು. ರಹೀಂಗೆ ವಯಸ್ಸಾಗಿತ್ತು. ಆದರೂ ಅವನು ಬಂದ, ಕೈ ಕೊಟ್ಟ, ದೀರ್ಘ ಹೊತ್ತು ಹೋರಾಡಿ ಸೋತ. ಗಾಮನಿಗೆ ರುಸ್ತುಂ-ಎ-ಹಿಂದ್ ಬಿರುದು ಸಂದಿತು. ಮುಂದೆ ಎಷ್ಟೋ ವರ್ಷಗಳ ನಂತರ, ನೀನು ಎದುರಿಸಿದವರಲ್ಲಿ ಎಲ್ಲರಿಗಿಂತ ಗಟ್ಟಿಗ ಯಾರು ಎಂದು ಕೇಳಿದಾಗ ಗಾಮ ಹೇಳಿದ್ದು ಯಾವ ವಿದೇಶಿಯ ಹೆಸರನ್ನೂ ಅಲ್ಲ, ರಹೀಂ ಬಕ್ಷ್‌ನ ಹೆಸರನ್ನು.

ಇಲ್ಲಿ ನಾನು ಎರಡು ಸಮಬಲಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. 1895ರಲ್ಲಿ ಗಾಮ ಬಲಿಷ್ಠನ ಎದುರು ಸೋಲಲಿಲ್ಲ. 1910ರಲ್ಲಿ ಜ್ಬಿಸ್ಕೊ ಬಲಿಷ್ಠನ ಎದುರು ಸೋಲಲಿಲ್ಲ. ಕಾಗದದ ಮೇಲೆ ಎರಡಕ್ಕೂ ಒಂದೇ ಹೆಸರು. ಆದರೆ ಒಬ್ಬ ಗೆಲ್ಲಲು ಹೋಗಿ ಸೋಲದೆ ಬಂದ. ಇನ್ನೊಬ್ಬ ಸೋಲಬಾರದೆಂದೇ ಮಲಗಿದ. ನನ್ನ ಎಂಟು ತಿಂಗಳು ಯಾವ ಬಗೆಯವು ಎಂದು ನನಗೆ ಬೇರೆಯವರು ಹೇಳಬೇಕಾಗಿರಲಿಲ್ಲ. ನಾನೂ ಬೋರಲು ಮಲಗಿದ್ದೆ. ನನ್ನ ಬೆನ್ನಿಗೆ ಮಣ್ಣು ಹತ್ತಿರಲಿಲ್ಲ, ಅಷ್ಟೆ.

ಕಥೆ ಇಲ್ಲಿಗೇ ನಿಂತಿದ್ದರೆ ಜ್ಬಿಸ್ಕೊನನ್ನು ಹೇಡಿ ಎಂದು ಬರೆದು ಈ ಲೇಖನ ಮುಗಿಸಬಹುದಿತ್ತು. ತಾತನ ಕಥೆಯಲ್ಲಿ ಅವನು ಹಾಗೆಯೇ ಇದ್ದ. ಆದರೆ ಅವನ ಬದುಕನ್ನೂ ಓದಿದಾಗ ನನಗೆ ಆಶ್ಚರ್ಯವಾಯಿತು. ಅವನು ಅಮೆರಿಕಕ್ಕೆ ಹೋಗಿ ಅಲ್ಲಿ ಬೇರೂರಿದ. 1921ರಲ್ಲಿ, ನಲವತ್ತು ದಾಟಿದ ಮೇಲೆ, ಎಡ್ ಲೂಯಿಸ್‌ನಂಥ ದಿಗ್ಗಜನನ್ನು ಸೋಲಿಸಿ ವಿಶ್ವ ಹೆವಿವೇಟ್ ಚಾಂಪಿಯನ್ ಆದ. ಆ ಹೊತ್ತಿಗೆ ಅಲ್ಲಿನ ವೃತ್ತಿಪರ ಕುಸ್ತಿಯಲ್ಲಿ ಯಾರು ಗೆಲ್ಲಬೇಕೆಂದು ಮೊದಲೇ ಮಾತಾಡಿಕೊಳ್ಳುವ ಪದ್ಧತಿ ಬಂದಾಗಿತ್ತು. ಇಂದು ನಾವು ಟಿವಿಯಲ್ಲಿ ನೋಡುವ ಕುಸ್ತಿಯ ಅಜ್ಜ ಅದು. 1925ರಲ್ಲಿ ವೇಯ್ನ್ ಮನ್ ಎಂಬ ಫುಟ್‌ಬಾಲ್ ಆಟಗಾರನನ್ನು ಚಾಂಪಿಯನ್ ಮಾಡಿ ಮೆರೆಸುತ್ತಿದ್ದರು. ಅವನ ಕೈಯಲ್ಲಿ ಸೋಲಬೇಕೆಂದು ಜ್ಬಿಸ್ಕೊಗೆ ಹೇಳಿ ಕಣಕ್ಕಿಳಿಸಿದರು. ಜ್ಬಿಸ್ಕೊ ಮಾತು ಮುರಿದು ನಿಜವಾದ ಕುಸ್ತಿಯನ್ನೇ ಆಡಿ, ಆ ಚಾಂಪಿಯನ್ನನ್ನು ಎಲ್ಲರೆದುರು ಮತ್ತೆ ಮತ್ತೆ ಚಿತ್ ಮಾಡಿಬಿಟ್ಟ. ಅದರ ಹಿಂದೆ ಎದುರು ಗುಂಪಿನ ವ್ಯಾಪಾರದ ಲೆಕ್ಕವೂ ಇತ್ತು. ಆದರೆ ಐದಾರು ಜನರನ್ನು ಕೂರಿಸಿ ನಿಲ್ಲಿಸುವ ವಿದ್ಯೆ ಮೈಯಲ್ಲಿ ಇಲ್ಲದವನು ಹಾಗೆ ಮಾಡಲಾರ.

1928ರ ಜನವರಿಯಲ್ಲಿ ಈ ಜ್ಬಿಸ್ಕೊ ಪಟಿಯಾಲಕ್ಕೆ ಬಂದ. ಮಹಾರಾಜ ಭೂಪಿಂದರ್ ಸಿಂಗ್ ಏರ್ಪಡಿಸಿದ್ದ ಕುಸ್ತಿ ಅದು. ನಡುವೆ ಹದಿನೇಳು ವರ್ಷಗಳಿಗಿಂತ ಹೆಚ್ಚು ಕಾಲ ಕಳೆದಿತ್ತು. ಗಾಮನಿಗೆ ಐವತ್ತರ ಹತ್ತಿರ, ಜ್ಬಿಸ್ಕೊಗೂ ಹೆಚ್ಚುಕಡಿಮೆ ಅಷ್ಟೇ. ಈ ಸಲ ಗಾಮನ ನೆಲ, ಗಾಮನ ಜನ. ಸುತ್ತ ಸಾವಿರಾರು ಮಂದಿ. ಕೈ ಮಿಲಾಯಿಸಿ ಒಂದು ನಿಮಿಷ ತುಂಬುವ ಮೊದಲೇ ಜ್ಬಿಸ್ಕೊ ಬೆನ್ನಡಿಯಾಗಿ ಬಿದ್ದಿದ್ದ. ಲಂಡನ್ನಿನಲ್ಲಿ ಎರಡೂವರೆ ಗಂಟೆಯಲ್ಲಿ ಮುಗಿಯದ್ದು ಇಲ್ಲಿ ಒಂದು ನಿಮಿಷದೊಳಗೆ ಮುಗಿಯಿತು.

ತಾತ ಈ ಭಾಗ ಹೇಳುವಾಗ ತೊಡೆ ತಟ್ಟುತ್ತಿದ್ದರು. ನನಗೆ ಈಗ ಬಿದ್ದವನ ಮೇಲೂ ಗೌರವ ಬರುತ್ತದೆ. ಅವನು ಬಾರದೆ ಇರಬಹುದಿತ್ತು. ವಿಶ್ವ ಪಟ್ಟ ಸಿಕ್ಕಿಯಾಗಿತ್ತು, ಹೆಸರು ಆಗಿತ್ತು. ಲಂಡನ್ನಿನ ಆ ಶನಿವಾರವನ್ನು ಜನ ಮರೆಯುತ್ತಿದ್ದರು. ಆದರೂ ಅಷ್ಟು ದೂರ ಬಂದು, ಪರಕೀಯರ ನಡುವೆ, ತಾನು ಒಮ್ಮೆ ತಪ್ಪಿಸಿಕೊಂಡ ಮನುಷ್ಯನ ಎದುರೇ ಎದ್ದು ನಿಂತ. ಈ ಸಲ ಬೋರಲು ಮಲಗಲಿಲ್ಲ. ಎದ್ದು ನಿಂತು ಆಡಿದ್ದರಿಂದಲೇ ಬೇಗ ಬಿದ್ದ. ಸೋಲನ್ನು ಇಷ್ಟು ವರ್ಷ ಮುಂದೂಡಿದವನು ಕೊನೆಗೆ ಅದನ್ನು ಪಡೆಯಲು ತಾನೇ ನಡೆದು ಬಂದ. ಮುಂದೆ 1950ರಲ್ಲಿ ಲಂಡನ್ನಿನ ಕುಸ್ತಿ ಲೋಕದ ಕಥೆಯಿರುವ ಒಂದು ಹಾಲಿವುಡ್ ಚಿತ್ರದಲ್ಲಿ, ನಿಜವಾದ ಕುಸ್ತಿಯ ಮಾನ ಉಳಿಸಲು ಹೆಣಗುವ ಮುದಿ ಪೈಲ್ವಾನನ ಪಾತ್ರವನ್ನೂ ಮಾಡಿದ. 1967ರಲ್ಲಿ ಅಮೆರಿಕದಲ್ಲಿ ತೀರಿಕೊಂಡ.

ಗಾಮನಿಗೆ 1922ರಲ್ಲೇ ಭಾರತಕ್ಕೆ ಬಂದಿದ್ದ ವೇಲ್ಸ್ ರಾಜಕುಮಾರ ಬೆಳ್ಳಿಯ ಗದೆ ಕೊಟ್ಟಿದ್ದ. ಪಟಿಯಾಲದ ಮರುವರ್ಷ ಜೆಸ್ಸಿ ಪೀಟರ್ಸನ್ ಎಂಬ ಜಟ್ಟಿಯನ್ನು ಎರಡು ನಿಮಿಷದೊಳಗೆ ಸೋಲಿಸಿದ. ಆಮೇಲೆ ಅವನಿಗೆ ಸರಿಯಾದ ಜೋಡಿಯೇ ಸಿಗಲಿಲ್ಲ. ದೇಶ ವಿಭಜನೆಯ ಹೊತ್ತಿಗೆ ಲಾಹೋರಿನಲ್ಲಿ ನೆಲೆಸಿದ್ದ. 1947ರ ದಂಗೆಯಲ್ಲಿ ತನ್ನ ಬೀದಿಯ ಹಿಂದೂ ಕುಟುಂಬಗಳಿಗೆ ಅಡ್ಡವಾಗಿ ನಿಂತು ಕಾಪಾಡಿದನೆಂದು ಹೇಳುತ್ತಾರೆ. ಅದೂ ಒಂದು ಕುಸ್ತಿಯೇ. ಬೆಲ್ಟು ಇರಲಿಲ್ಲ, ಗದೆ ಇರಲಿಲ್ಲ, ಎದುರಾಳಿ ಒಬ್ಬನಾಗಿರಲಿಲ್ಲ.

ರಾಜರು ಹೋದರು, ರಾಜರ ಹಾಲು ತುಪ್ಪ ನಿಂತಿತು. ಕೊನೆಗಾಲದಲ್ಲಿ ಕಾಯಿಲೆ, ಕೈಯಲ್ಲಿ ಕಾಸಿಲ್ಲದ ಸ್ಥಿತಿ. ಪಾಕಿಸ್ತಾನ ಸರ್ಕಾರ ಅಷ್ಟಿಷ್ಟು ನೆರವು ನೀಡಿತು. ಗಡಿಯ ಈಚೆಯಿಂದ ಉದ್ಯಮಿ ಬಿರ್ಲಾ ಅವರೂ ಹಣ ಕಳಿಸಿದರು. 1960ರ ಮೇ 23ರಂದು ಗಾಮ ಲಾಹೋರಿನಲ್ಲಿ ಕಣ್ಣು ಮುಚ್ಚಿದ. ಅಷ್ಟು ದೀರ್ಘ ಕುಸ್ತಿ ಬದುಕಿನಲ್ಲಿ ಸೋಲು ಕಾಣದವನು ಎಂದೇ ಅವನನ್ನು ನೆನೆಯುತ್ತಾರೆ. ಗೆದ್ದವನಿಗೂ ಮುಪ್ಪು, ಔಷಧಿ ಚೀಟಿ, ಬಾಡಿಗೆ ಎಲ್ಲ ಇರುತ್ತವೆ ಎಂಬುದನ್ನು ನಮ್ಮ ವಯಸ್ಸಿನಲ್ಲಿ ಯಾರೂ ನೆನಪಿಸುವುದಿಲ್ಲ.

ಗಾಮನ ಹಾಗೆ ಆಗುವುದು ನಮ್ಮ ಕೈಯಲ್ಲಿಲ್ಲ. ಅಂಥ ಮೈ, ಅಂಥ ಉಸ್ತಾದ್, ಅಂಥ ಕಾಲ ಎಲ್ಲರಿಗೂ ಸಿಗುವುದಿಲ್ಲ. ನನಗಂತೂ ಹೆಚ್ಚು ಹತ್ತಿರದವನಾಗಿ ಕಂಡದ್ದು ಪಟಿಯಾಲದ ಜ್ಬಿಸ್ಕೊ. ಪದೇ ಪದೇ ಅರ್ಜಿ ಹಾಕಿ, ಪದೇ ಪದೇ ಪಟ್ಟಿಯಲ್ಲಿ ಹೆಸರಿಲ್ಲದೆ, ಕೊನೆಗೆ ಅರ್ಜಿ ಹಾಕುವುದನ್ನೇ ಬಿಟ್ಟ ಗೆಳೆಯರು ನನಗೆ ಹಲವರಿದ್ದಾರೆ. ಯಾರನ್ನೂ ಸೋಮಾರಿ ಎನ್ನಲಾರೆ. ಬೋರಲು ಮಲಗಿದವನ ಮೈಮೇಲೂ ಭಾರವಿರುತ್ತದೆ, ಎರಡೂವರೆ ಗಂಟೆ ಹಾಗೆ ಇರುವುದೂ ಸುಲಭವಲ್ಲ. ಆದರೆ ಅಲ್ಲಿಂದ ಏಳುವ ದಿನವನ್ನು ನಾವೇ ಗೊತ್ತು ಮಾಡಬೇಕು.

ಈ ತಿಂಗಳು ನಾನು ಮೂರು ಕಡೆ ಅರ್ಜಿ ಹಾಕಿದ್ದೇನೆ. ಎತ್ತರ ಕೇಳದ ಕೆಲಸಗಳು. ಒಂದರ ಪರೀಕ್ಷೆ ಬರೆದು ಬಂದೆ, ಅಷ್ಟೇನೂ ಚೆನ್ನಾಗಿ ಆಗಿಲ್ಲ. ಇನ್ನೊಂದರ ಪ್ರವೇಶಪತ್ರ ಬಂದಿದೆ. ಬೆಳಿಗ್ಗೆ ಐದೂವರೆಗೆ ಗರಡಿಯ ಬಾಗಿಲು ತೆಗೆಯುತ್ತೇನೆ. ಓಣಿಯ ನಾಲ್ಕಾರು ಹುಡುಗರು ಬಸ್ಕಿ ಕಲಿಯಲು ಬರುತ್ತಾರೆ. ಅವರಲ್ಲೊಬ್ಬ ಮೊನ್ನೆ ಪಟ ತೋರಿಸಿ, ಇವರು ನಿಮ್ಮ ತಾತನಾ ಎಂದು ಕೇಳಿದ. ಅಲ್ಲ ಎಂದೆ. ಕೂತ್ಕೋ, ಹೇಳ್ತೀನಿ ಎಂದು ರಹೀಂ ಬಕ್ಷ್‌ನಿಂದ ಶುರು ಮಾಡಿದೆ.